ಮಂಗಳೂರು–ದುಬೈ ವಿಮಾನ: ದೂರ ಎಷ್ಟು, ಸಮಯ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮೂಲ್ಕಿ ಹತ್ತಿರ. ಅಣ್ಣ ಮತ್ತು ಅತ್ತಿಗೆ ದುಬೈಯಲ್ಲಿದ್ದಾರೆ. ಅಕ್ಕಪಕ್ಕದ ಮನೆಗಳಲ್ಲೂ ಒಬ್ಬರಲ್ಲ ಒಬ್ಬರು ಗಲ್ಫ್‌ನಲ್ಲಿದ್ದಾರೆ. ಹಾಗಾಗಿ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗಿ ಯಾರನ್ನಾದರೂ ಬಿಟ್ಟು ಬರುವುದು, ಕರೆದುಕೊಂಡು ಬರುವುದು ನಮಗೆ ವರ್ಷಪೂರ್ತಿ ಇರುವ ಕೆಲಸ. ಮೊದಲ ಸಲ ಹೋಗುವವರು, ಮಗನನ್ನು ನೋಡಲು ಹೊರಟ ಅಪ್ಪ–ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡೋಣ ಎನಿಸಿತು.

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಎಷ್ಟು ಕಿಲೋಮೀಟರ್?

ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 2,460 ಕಿಲೋಮೀಟರ್. ಮೈಲಿಯಲ್ಲಿ ಹೇಳುವುದಾದರೆ ಸುಮಾರು 1,530. ಪೈಲಟ್‌ಗಳು ಲೆಕ್ಕ ಹಾಕುವುದು ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಆ ಲೆಕ್ಕದಲ್ಲಿ ಸುಮಾರು 1,330.

ಇದು ಎಷ್ಟು ದೂರ ಎಂದು ಅಂದಾಜಾಗಬೇಕಾದರೆ ದೆಹಲಿಯನ್ನು ನೆನಪಿಸಿಕೊಳ್ಳಿ. ಮಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,750 ಕಿಲೋಮೀಟರ್. ಅದಕ್ಕಿಂತ 700 ಕಿಲೋಮೀಟರ್ ಜಾಸ್ತಿ, ಅಷ್ಟೇ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ದೆಹಲಿಗಿಂತ ದುಬೈಯೇ ಹತ್ತಿರ ಎನಿಸುವುದು ಸುಮ್ನೆ ಅಲ್ಲ. ನಡುವೆ ಇರುವುದು ಒಂದು ಸಮುದ್ರ, ಅದೂ ಮನೆ ಮುಂದಿನ ಸಮುದ್ರ.

ವಿಮಾನ ಎಷ್ಟು ಹೊತ್ತು ಹಾರುತ್ತದೆ?

ಟಿಕೆಟ್ ಪ್ರಕಾರ ಹೋಗುವಾಗ ಮೂರೂವರೆಯಿಂದ ನಾಲ್ಕು ಗಂಟೆ. ಬರುವಾಗ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ. ಕಂಪನಿ, ತಿಂಗಳು, ಹೊರಡುವ ಹೊತ್ತು ನೋಡಿಕೊಂಡು ಹತ್ತು ಹದಿನೈದು ನಿಮಿಷ ಆಚೀಚೆ ಆಗುತ್ತದೆ.

2,460 ಕಿಲೋಮೀಟರಿಗೆ ಅಷ್ಟು ಹೊತ್ತು ಯಾಕೆ ಬೇಕು? ವಿಮಾನ ಗಂಟೆಗೆ 800ರ ಮೇಲೆ ಹೋಗುತ್ತದೆ ಅಲ್ವಾ?

ಒಳ್ಳೆಯ ಪ್ರಶ್ನೆ. ಈ ದಾರಿಯಲ್ಲಿ ಓಡುವ ಬೋಯಿಂಗ್ 737 ತರಹದ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಭಾಗಿಸಿದರೆ ಹೆಚ್ಚುಕಮ್ಮಿ ಮೂರು ಗಂಟೆ. ಆದರೆ ಟಿಕೆಟ್‌ನಲ್ಲಿ ಬರೆದಿರುವುದು ಬರೀ ಹಾರುವ ಸಮಯ ಅಲ್ಲ. ನಿಂತ ಜಾಗದಿಂದ ವಿಮಾನ ಅಲುಗಾಡಿದ ಕ್ಷಣದಿಂದ, ಅಲ್ಲಿ ಹೋಗಿ ಮತ್ತೆ ನಿಲ್ಲುವ ತನಕದ ಸಮಯ ಅದು. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ.

ಆ ಹೆಚ್ಚುವರಿ ಮುಕ್ಕಾಲು ಗಂಟೆ ಎಲ್ಲಿ ಹೋಗುತ್ತದೆ ನೋಡಿ. ಬಜ್ಪೆಯಲ್ಲಿ ರನ್‌ವೇ ತನಕ ನಿಧಾನಕ್ಕೆ ಉರುಳಿ ಹೋಗಬೇಕು. ಹಾರಿದ ಮೇಲೆ 34,000 ಅಡಿ, 36,000 ಅಡಿ ಏರುವ ತನಕ ಪೂರ್ತಿ ವೇಗ ಸಿಗುವುದಿಲ್ಲ. ಇಳಿಯುವಾಗಲೂ ಹಾಗೆಯೇ, ಬಹಳ ಮೊದಲೇ ವೇಗ ತಗ್ಗಿಸಬೇಕು. ದುಬೈ ಜಗತ್ತಿನ ಅತಿ ಬ್ಯುಸಿ ನಿಲ್ದಾಣಗಳಲ್ಲಿ ಒಂದು. ಅಲ್ಲಿ ಇಳಿಯಲು ಸಾಲು ಇರುತ್ತದೆ. ಕೆಲವೊಮ್ಮೆ ಆಕಾಶದಲ್ಲೇ ಒಂದೆರಡು ಸುತ್ತು ಹೊಡೆಸುತ್ತಾರೆ. ಇಳಿದ ಮೇಲೂ ನಿಲ್ಲುವ ಜಾಗಕ್ಕೆ ಹತ್ತು ಹದಿನೈದು ನಿಮಿಷ ಉರುಳುವುದುಂಟು. ಇವೆಲ್ಲದರ ಮೇಲೆ ಕಂಪನಿಯವರು ಮುಂಜಾಗ್ರತೆಗೆ ಒಂದಷ್ಟು ನಿಮಿಷ ಸೇರಿಸಿಡುತ್ತಾರೆ. ಅದಕ್ಕೇ ತಡವಾಗಿ ಹೊರಟ ವಿಮಾನ ಕೆಲವೊಮ್ಮೆ ಹೇಳಿದ ಹೊತ್ತಿಗೇ ತಲುಪಿಬಿಡುತ್ತದೆ.

ಹೋಗುವಾಗ ಜಾಸ್ತಿ, ಬರುವಾಗ ಕಮ್ಮಿ. ಇದು ಯಾಕೆ?

ಗಾಳಿ. ಚಳಿಗಾಲದಲ್ಲಿ ಅರಬ್ಬಿ ಸಮುದ್ರದ ಉತ್ತರ ಭಾಗ ಮತ್ತು ಕೊಲ್ಲಿ ದೇಶಗಳ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತದೆ. ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ. ದುಬೈಗೆ ಹೋಗುವ ವಿಮಾನಕ್ಕೆ ಅದು ಎದುರು ಗಾಳಿ. ಊರಿಗೆ ಬರುವ ವಿಮಾನಕ್ಕೆ ಬೆನ್ನ ಹಿಂದಿನ ಗಾಳಿ.

ಲೆಕ್ಕ ಹಾಕಿ ನೋಡಿದರೆ ಇದರ ಬಲ ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರ್ ಎದುರು ಗಾಳಿ ಇದೆ ಎಂದುಕೊಳ್ಳಿ. 830ರ ವೇಗ ನೆಲದ ಲೆಕ್ಕದಲ್ಲಿ 730 ಆಗುತ್ತದೆ. 2,460 ಕಿಲೋಮೀಟರಿಗೆ ಮೂರು ಗಂಟೆ 22 ನಿಮಿಷ ಬೇಕು. ಅದೇ ಗಾಳಿ ಬೆನ್ನಿಗೆ ಬಿದ್ದರೆ ವೇಗ 930, ಸಮಯ ಎರಡು ಗಂಟೆ 39 ನಿಮಿಷ. ಬರೀ ಗಾಳಿಯಿಂದ 43 ನಿಮಿಷದ ವ್ಯತ್ಯಾಸ! ನಿಜವಾದ ಗಾಳಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಹಾಗಾಗಿ ವ್ಯತ್ಯಾಸ ಸಾಮಾನ್ಯವಾಗಿ ಇದಕ್ಕಿಂತ ಕಮ್ಮಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಮಳೆಗಾಲದ್ದು. ಜೂನ್‌ನಿಂದ ಆಗಸ್ಟ್ ತನಕ ನಮ್ಮ ತಲೆಯ ಮೇಲೆ ಗಾಳಿ ಎರಡು ಪದರದಲ್ಲಿ ಇರುತ್ತದೆ. ಕೆಳಗೆ ಅರಬ್ಬಿ ಸಮುದ್ರದಿಂದ ಮಳೆ ಹೊತ್ತು ತರುವ ಪಡುಗಾಳಿ. ಬಹಳ ಮೇಲೆ ಅದಕ್ಕೆ ತದ್ವಿರುದ್ಧವಾಗಿ ಮೂಡಣದಿಂದ ಪಡುವಣಕ್ಕೆ ಹೋಗುವ ಗಾಳಿ. ವಿಮಾನ ಹಾರುವುದು ಈ ಮೇಲಿನ ಗಾಳಿಯ ಹತ್ತಿರ. ಹಾಗಾಗಿ ಮಳೆಗಾಲದಲ್ಲಿ ದುಬೈಗೆ ಹೋಗುವ ವಿಮಾನಕ್ಕೆ ದಾರಿಯ ಮೊದಲ ಭಾಗದಲ್ಲಿ ಗಾಳಿಯೇ ಸಹಾಯ ಮಾಡುತ್ತದೆ. ಹೋಗುವ, ಬರುವ ಸಮಯದ ಅಂತರ ಆಗ ತುಂಬಾ ಕಿರಿದಾಗುತ್ತದೆ.

ದುಬೈಗೂ ನಮಗೂ ಸಮಯದ ವ್ಯತ್ಯಾಸ ಎಷ್ಟು?

ದುಬೈ ಒಂದೂವರೆ ಗಂಟೆ ಹಿಂದೆ. ಇಲ್ಲಿ ಬೆಳಗ್ಗೆ 8 ಆದರೆ ಅಲ್ಲಿ 6:30. ವರ್ಷಪೂರ್ತಿ ಹೀಗೆಯೇ. ಯುರೋಪ್, ಅಮೆರಿಕದ ಹಾಗೆ ಬೇಸಿಗೆಗೆ ಒಂದು, ಚಳಿಗೆ ಒಂದು ಎಂದು ಗಡಿಯಾರ ತಿರುಗಿಸುವ ಪದ್ಧತಿ ಅಲ್ಲಿಲ್ಲ, ನಮ್ಮಲ್ಲೂ ಇಲ್ಲ.

ಸೂರ್ಯನ ಲೆಕ್ಕದಲ್ಲಿ ನೋಡಿದರೆ ಮಂಗಳೂರಿಗೂ ದುಬೈಗೂ ಇರುವ ಅಂತರ 78 ನಿಮಿಷ ಮಾತ್ರ. ಉಳಿದ 12 ನಿಮಿಷ ಗಡಿಯಾರದ ಲೆಕ್ಕ. ಭಾರತದ ಸಮಯವನ್ನು ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಹತ್ತಿರದ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ. ಮಂಗಳೂರು ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಆದ್ದರಿಂದ ನಮ್ಮ ಗಡಿಯಾರ ನಮ್ಮ ಸೂರ್ಯನಿಗಿಂತ ಅರ್ಧ ಗಂಟೆ ಮುಂದೆ ಓಡುತ್ತಿರುತ್ತದೆ. ದುಬೈಯ ಗಡಿಯಾರವೂ ಅಲ್ಲಿನ ಸೂರ್ಯನಿಗಿಂತ ಮುಂದಿದೆ, ಆದರೆ 18 ನಿಮಿಷ ಅಷ್ಟೇ.

ಟಿಕೆಟ್‌ನಲ್ಲಿ ಹೊರಡುವುದು 8:00, ತಲುಪುವುದು 10:15 ಎಂದಿದೆ. ಹಾಗಾದರೆ ಎರಡೂಕಾಲು ಗಂಟೆಯೇ?

ಅಲ್ಲ. ಟಿಕೆಟ್‌ನಲ್ಲಿ ಯಾವಾಗಲೂ ಆಯಾ ಊರಿನ ಸಮಯ ಬರೆದಿರುತ್ತಾರೆ. 8:00 ನಮ್ಮ ಸಮಯ, 10:15 ದುಬೈ ಸಮಯ. ಅಲ್ಲಿ 10:15 ಆದಾಗ ಇಲ್ಲಿ 11:45. ಅಂದರೆ ಪ್ರಯಾಣ ಮೂರೂಮುಕ್ಕಾಲು ಗಂಟೆ. ಬರುವಾಗ ಉಲ್ಟಾ. ರಾತ್ರಿ 11ಕ್ಕೆ ದುಬೈಯಿಂದ ಹೊರಟು ಬೆಳಗಿನ ಜಾವ 4ಕ್ಕೆ ಮಂಗಳೂರು ಎಂದಿದ್ದರೆ ಅದು ಐದು ಗಂಟೆಯ ಪ್ರಯಾಣ ಅಲ್ಲ, ಮೂರೂವರೆ ಗಂಟೆಯದ್ದು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಯಾಕೆಂದರೆ ಇದರಿಂದ ನಮ್ಮ ಮನೆಯಲ್ಲೇ ಒಮ್ಮೆ ಟಿಕೆಟ್ ಕೈತಪ್ಪಿದೆ. ವಿಮಾನ 15ನೇ ತಾರೀಕು ರಾತ್ರಿ 12:30ಕ್ಕೆ ಎಂದಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದ್ದು 14ರ ರಾತ್ರಿ. 15ರ ಸಂಜೆ ಚೀಲ ಕಟ್ಟಲು ಕೂತರೆ ವಿಮಾನ ಹೋಗಿ ಒಂದು ದಿನವೇ ಆಗುತ್ತ ಬಂದಿರುತ್ತದೆ. ವಯಸ್ಸಾದವರಿಗೆ ಟಿಕೆಟ್ ಮಾಡಿಕೊಡುವವರು "14ನೇ ತಾರೀಕು ಶುಕ್ರವಾರ ರಾತ್ರಿ ಊಟ ಮಾಡಿ ಮನೆಯಿಂದ ಹೊರಡಬೇಕು" ಎಂಬ ಹಾಗೆ ವಾರದ ಸಮೇತ ಕಾಗದದಲ್ಲಿ ಬರೆದುಕೊಡಿ.

ವಿಮಾನ ಯಾವ ದಾರಿಯಲ್ಲಿ ಹೋಗುತ್ತದೆ?

ವಾಯವ್ಯ ದಿಕ್ಕಿಗೆ. ಕರಾವಳಿ ಬಿಟ್ಟರೆ ಮತ್ತೆ ಎರಡು ಗಂಟೆಗೂ ಮೇಲೆ ಬರೀ ಅರಬ್ಬಿ ಸಮುದ್ರ. ನೆಲ ಕಾಣುವುದು ಒಮಾನ್‌ನಲ್ಲಿ. ಮಂಗಳೂರು–ದುಬೈ ನೇರ ಗೆರೆ ಎಳೆದರೆ ಅದು ಹೆಚ್ಚುಕಮ್ಮಿ ಮಸ್ಕತ್ ಮೇಲೆಯೇ ಹಾದುಹೋಗುತ್ತದೆ. ಮಂಗಳೂರಿನಿಂದ ಮಸ್ಕತ್‌ಗೆ ಸುಮಾರು 2,110 ಕಿಲೋಮೀಟರ್, ಅಲ್ಲಿಂದ ದುಬೈಗೆ ಸುಮಾರು 350. ಎರಡನ್ನೂ ಕೂಡಿಸಿದರೆ ಅದೇ 2,460. ಗೆರೆ ಎಷ್ಟು ನೇರ ಇದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ನಿಜವಾದ ವಿಮಾನ ಆಕಾಶದಲ್ಲಿ ಗೊತ್ತು ಮಾಡಿದ ದಾರಿಗಳಲ್ಲಿ ಹೋಗುತ್ತದೆ. ಎದುರು ಬದುರು ಬರುವ ವಿಮಾನಗಳಿಗೆ ಎತ್ತರವೂ ಬೇರೆ ಬೇರೆ. ಪಶ್ಚಿಮಕ್ಕೆ ಹೋಗುವವು 34, 36, 38 ಸಾವಿರ ಅಡಿಯಲ್ಲಿ. ಪೂರ್ವಕ್ಕೆ ಬರುವವು 33, 35, 37 ಸಾವಿರ ಅಡಿಯಲ್ಲಿ. ಗೊತ್ತು ಮಾಡಿದ ದಾರಿಯಲ್ಲೇ ಹೋಗಬೇಕಾದ್ದರಿಂದ ನಿಮ್ಮ ವಿಮಾನ ಕ್ರಮಿಸುವ ದೂರ 2,460ಕ್ಕಿಂತ ಒಂದಷ್ಟು ಹೆಚ್ಚೇ ಇರುತ್ತದೆ.

ಹಗಲಿನ ವಿಮಾನ ಸಿಕ್ಕಿದರೆ ಹೋಗುವಾಗ ಎಡಬದಿಯ ಕಿಟಕಿ ಕೇಳಿ. ಮಸ್ಕತ್ ದಾಟಿದ ಮೇಲೆ ಹಜರ್ ಬೆಟ್ಟಗಳ ಸಾಲು ಎಡಕ್ಕೆ ಕಾಣುತ್ತದೆ. ಒಂದೇ ಒಂದು ಹಸಿರು ಚುಕ್ಕೆ ಇಲ್ಲದ, ಮಡಿಕೆ ಮಡಿಕೆಯಾಗಿ ಬಿದ್ದ ಕಂದು ಬೆಟ್ಟಗಳು. ಪಶ್ಚಿಮ ಘಟ್ಟ ನೋಡಿ ಬೆಳೆದ ಕಣ್ಣಿಗೆ ಅದು ಬೇರೆ ಭೂಮಿಯ ಹಾಗೆ ಕಾಣುತ್ತದೆ. ಬಲಬದಿಯವರಿಗೆ ಒಮಾನ್ ಕೊಲ್ಲಿಯ ನೀರು, ಅದರಲ್ಲಿ ಹಡಗುಗಳು. ಸಂಜೆ ಹೊರಟರೆ ಇನ್ನೊಂದು ಚೆಂದ ಇದೆ. ವಿಮಾನ ಸೂರ್ಯನ ಹಿಂದೆಯೇ ಓಡುವುದರಿಂದ ಮುಳುಗುವ ಹೊತ್ತು ಉದ್ದವಾಗುತ್ತದೆ. ಪಣಂಬೂರು ಕಡಲ ತೀರದಲ್ಲಿ ಕೆಲವು ನಿಮಿಷದಲ್ಲಿ ಮುಗಿಯುವ ಕೆಂಪು, ಮೇಲೆ ಬಹಳ ಹೊತ್ತು ಹಾಗೇ ಉಳಿದಿರುತ್ತದೆ.

ಶಾರ್ಜಾ, ಅಬುಧಾಬಿ, ದೋಹಾ, ಕುವೈತ್‌ಗೆ ಎಷ್ಟು ದೂರ?

ಶಾರ್ಜಾ ನಿಲ್ದಾಣ ದುಬೈ ಪಕ್ಕದಲ್ಲೇ ಇದೆ, ದೂರ ಹೆಚ್ಚುಕಮ್ಮಿ ಅಷ್ಟೇ. ಅಬುಧಾಬಿ ಸುಮಾರು 2,480 ಕಿಲೋಮೀಟರ್, ದೋಹಾ 2,800, ಕುವೈತ್ 3,310. ಮಸ್ಕತ್ ಎಲ್ಲಕ್ಕಿಂತ ಹತ್ತಿರ. ಇವು ನೇರ ದೂರಗಳು. ಎಲ್ಲ ಊರಿಗೂ ಎಲ್ಲ ದಿನವೂ ಮಂಗಳೂರಿನಿಂದ ನೇರ ವಿಮಾನ ಇರುವುದಿಲ್ಲ. ವೇಳಾಪಟ್ಟಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಬದಲಾಗುತ್ತದೆ. ಬುಕ್ ಮಾಡುವ ಮೊದಲು ಆ ವಾರದ್ದನ್ನೇ ನೋಡಿ.

ಮುಂಬೈ ಅಥವಾ ಬೆಂಗಳೂರು ಮೂಲಕ ಹೋದರೆ ಟಿಕೆಟ್ ಕಮ್ಮಿಗೆ ಸಿಗುತ್ತದೆ. ಹೋಗಬಹುದಾ?

ಹೋಗಬಹುದು, ಆದರೆ ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. ಮಂಗಳೂರಿನಿಂದ ಮುಂಬೈಗೆ ಸುಮಾರು 715 ಕಿಲೋಮೀಟರ್, ಮುಂಬೈಯಿಂದ ದುಬೈಗೆ ಸುಮಾರು 1,930. ಒಟ್ಟು 2,645. ನೇರ ದಾರಿಗಿಂತ 185 ಕಿಲೋಮೀಟರ್ ಮಾತ್ರ ಜಾಸ್ತಿ. ಕಾಲು ಗಂಟೆಯ ಹಾರಾಟ. ಆದರೆ ಎರಡು ಸಲ ಏರಬೇಕು, ಎರಡು ಸಲ ಇಳಿಯಬೇಕು, ನಡುವೆ ಕಾಯಬೇಕು. ಪ್ರಯಾಣ ಸುಲಭವಾಗಿ ಏಳೆಂಟು ಗಂಟೆ ಆಗುತ್ತದೆ. ಬೆಂಗಳೂರು ಮೂಲಕ ಹೋದರೆ ಮೊದಲು 305 ಕಿಲೋಮೀಟರ್ ಮೂಡಣಕ್ಕೆ ಹೋಗಿ, ಅಲ್ಲಿಂದ ಸುಮಾರು 2,700 ಕಿಲೋಮೀಟರ್ ವಾಪಸ್ ಪಡುವಣಕ್ಕೆ ಬರುತ್ತೀರಿ. ಒಟ್ಟು 3,000 ದಾಟುತ್ತದೆ.

ಒಬ್ಬರೇ ಹೋಗುವ ಹುಡುಗರು ಹಣ ಉಳಿಸಲು ಹಾಗೆ ಹೋಗುವುದರಲ್ಲಿ ತಪ್ಪಿಲ್ಲ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ಮಾಡಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ನಷ್ಟ ನಿಮ್ಮದೇ. ಮುಂಬೈಯಲ್ಲಿ ದೇಶದೊಳಗಿನ ವಿಮಾನ ಇಳಿಯುವ ಟರ್ಮಿನಲ್ ಬೇರೆಯಾಗಿದ್ದರೆ ಅಲ್ಲಿಂದ ಇಲ್ಲಿಗೆ ಹೋಗುವುದಕ್ಕೇ ಹೊತ್ತು ಬೇಕು. ಮೊಣಕಾಲು ನೋವಿನ ಅಮ್ಮನನ್ನೋ ಎಳೆ ಮಗುವನ್ನೋ ಕರೆದುಕೊಂಡು ಹೋಗುವವರಿಗೆ ನನ್ನ ಮಾತು ಒಂದೇ: ಸ್ವಲ್ಪ ಜಾಸ್ತಿ ಕೊಟ್ಟಾದರೂ ನೇರ ವಿಮಾನ ಹಿಡಿಯಿರಿ.

ಹಿಂದೆ ಜನ ಹೇಗೆ ಹೋಗುತ್ತಿದ್ದರು?

ಮುಂಬೈ ಮೂಲಕ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರ ಅಕ್ಟೋಬರ್‌ನಲ್ಲಿ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಿಂದ. ಅದಕ್ಕೆ ಮೊದಲು ನಮ್ಮ ಮಾವನಂಥವರು ರಾತ್ರಿ ಬಸ್ ಹತ್ತಿ ಮರುದಿನ ಮುಂಬೈ ತಲುಪಿ, ಪರಿಚಯದವರ ಖೋಲಿಯಲ್ಲಿ ಉಳಿದು, ಆಮೇಲೆ ವಿಮಾನ ಹತ್ತುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ಮುಂಬೈ ದಾರಿ ಸ್ವಲ್ಪ ಸುಲಭವಾಯಿತು. ಆದರೂ ಮನೆ ಬಿಟ್ಟು ದುಬೈ ಸೇರಲು ಎರಡು ಮೂರು ದಿನ. ಬಜ್ಪೆಯಲ್ಲಿ ವಿಮಾನ ನಿಲ್ದಾಣ ಇದ್ದದ್ದು 1951ರಿಂದ. ಆದರೆ ಹಳೇ ರನ್‌ವೇ ಕೇವಲ 1,615 ಮೀಟರ್. ದೊಡ್ಡ ವಿಮಾನಕ್ಕೆ ಸಾಲುತ್ತಿರಲಿಲ್ಲ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಗಲ್ಫ್ ವಿಮಾನದ ಬಾಗಿಲು ತೆರೆದದ್ದು ಅದು.

ಬಜ್ಪೆ ರನ್‌ವೇ ಬೆಟ್ಟದ ಮೇಲಿದೆ ಎಂದು ಹೆದರಿಸುತ್ತಾರೆ. ಇದರಿಂದ ಸಮಯಕ್ಕೆ ತೊಂದರೆ ಇದೆಯೇ?

ಬೆಟ್ಟದ ತಲೆಯನ್ನು ಸಮ ಮಾಡಿ ಕಟ್ಟಿದ ರನ್‌ವೇ ಅದು. ಟೇಬಲ್ ಟಾಪ್ ಎನ್ನುವುದು ಅದಕ್ಕೇ. ಸಮುದ್ರ ಮಟ್ಟದಿಂದ 100 ಮೀಟರ್ ಎತ್ತರ. ತುದಿಯಾಚೆ ಕಣಿವೆ. ದುಬೈಯ ರನ್‌ವೇಗಳು ನಾಲ್ಕು ಕಿಲೋಮೀಟರಿಗೂ ಉದ್ದ, ನಮ್ಮದು ಎರಡೂವರೆಗೂ ಸ್ವಲ್ಪ ಕಮ್ಮಿ. ಹಾಗಾಗಿ ಇಲ್ಲಿಗೆ ಬರುವುದು ಬೋಯಿಂಗ್ 737, ಏರ್‌ಬಸ್ ಎ320 ಅಳತೆಯ ವಿಮಾನಗಳು.

ಮಳೆಗಾಲದಲ್ಲಿ ಮೋಡ ಬೆಟ್ಟದ ಮೇಲೆಯೇ ಕೂತಿರುತ್ತದೆ. ರನ್‌ವೇ ಸರಿಯಾಗಿ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ. ಮೇಲೆಯೇ ಸುತ್ತು ಹೊಡೆಯುತ್ತಾರೆ, ಇಲ್ಲವೇ ಬೆಂಗಳೂರು, ಕೊಚ್ಚಿ, ಕಣ್ಣೂರಿನಂಥ ಬೇರೆ ನಿಲ್ದಾಣಕ್ಕೆ ಹೋಗಿ ಕಾಯುತ್ತಾರೆ. ಜೂನ್, ಜುಲೈಯಲ್ಲಿ ಬರುವವರು ಇದಕ್ಕೆ ಮನಸ್ಸು ತಯಾರು ಮಾಡಿಕೊಂಡಿರಬೇಕು.

ತಡವಾಯಿತೆಂದು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು. ಬದುಕಿದವರು ಎಂಟೇ ಮಂದಿ. ಇಳಿಯುವ ರೀತಿ ಸರಿಯಾಗಿಲ್ಲ, ಮತ್ತೆ ಮೇಲೆ ಹೋಗೋಣ ಎಂದು ಸಹ ಪೈಲಟ್ ಹೇಳಿದ್ದರೂ ಇಳಿಕೆ ನಿಲ್ಲಿಸಲಿಲ್ಲ ಎಂದು ತನಿಖೆಯಲ್ಲಿ ತಿಳಿದುಬಂತು. ಮತ್ತೆ ಮೇಲೆ ಹೋಗಿ ಸುತ್ತಿ ಬರಲು ಹತ್ತು ಹದಿನೈದು ನಿಮಿಷ ಸಾಕಿತ್ತು. ಕರಾವಳಿಯಲ್ಲಿ ಆ ದಿನವನ್ನು ಮರೆತ ಊರಿಲ್ಲ. ಕೂಳೂರಿನಿಂದ ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ ನದಿ ಬದಿಗೆ ಅವರ ಸ್ಮಾರಕ ಇದೆ. ಇಳಿಯುತ್ತಿದ್ದ ವಿಮಾನ ಒಮ್ಮೆಲೇ ಮತ್ತೆ ಮೇಲೇರಿದರೆ ನನಗೆ ಭಯ ಆಗುವುದಿಲ್ಲ. ಸರಿಯಾಗಿ ಇಳಿಸಲು ನೋಡುತ್ತಿದ್ದಾರೆ ಎಂಬ ಸಮಾಧಾನವೇ ಆಗುತ್ತದೆ.

ಇನ್ನು ಯಾವ ಕಾರಣಕ್ಕೆ ತಡ ಆಗುತ್ತದೆ?

ದುಬೈಯಲ್ಲಿ ಚಳಿಗಾಲದ ಬೆಳಗ್ಗೆ ದಟ್ಟ ಮಂಜು ಬೀಳುವುದುಂಟು. 2024ರ ಏಪ್ರಿಲ್ 16ರಂದು ದಾಖಲೆ ಮಳೆ ಸುರಿದು ನಿಲ್ದಾಣದೊಳಗೇ ನೀರು ನಿಂತಿತ್ತು. ವಿಮಾನಗಳು ಸರಿಯಾಗಲು ದಿನಗಳೇ ಬೇಕಾದವು. ಕೊಲ್ಲಿಯ ರಾಜಕೀಯವೂ ಇದೆ. 2025ರ ಜೂನ್‌ನಲ್ಲಿ ಅಲ್ಲಿನ ಹಲವು ದೇಶಗಳು ಕೆಲವು ಗಂಟೆ ಆಕಾಶಮಾರ್ಗ ಮುಚ್ಚಿದ್ದವು. ಇನ್ನು ಒಂದೇ ವಿಮಾನ ದಿನಕ್ಕೆ ಮೂರ್ನಾಲ್ಕು ಊರಿಗೆ ಓಡುತ್ತದೆ. ಬೆಳಗ್ಗೆ ಎಲ್ಲೋ ಆದ ತಡ ರಾತ್ರಿ ನಿಮ್ಮ ತನಕ ಬರುತ್ತದೆ.

ಬ್ಲಾಕ್ ಟೈಮ್ ಎಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಭಾರತದ ವಿಮಾನಯಾನ ನಿಯಮದ ಪ್ರಕಾರ ಎರಡೂವರೆಯಿಂದ ಐದು ಗಂಟೆ ಬ್ಲಾಕ್ ಟೈಮ್ ಇರುವ ವಿಮಾನ ಮೂರು ಗಂಟೆಗೂ ಮೀರಿ ತಡವಾಗುವುದಿದ್ದರೆ, ಸಮಯಕ್ಕೆ ಚೆಕ್‌ಇನ್ ಮಾಡಿ ಕಾಯುತ್ತಿರುವವರಿಗೆ ಕಂಪನಿಯೇ ಊಟ–ತಿಂಡಿ ಕೊಡಬೇಕು. ಮಂಗಳೂರು–ದುಬೈ ಇದೇ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ನಾವು ಒಂಬತ್ತು ಗಂಟೆ ಕಾದಾಗ ಕೇಳಿದವರಿಗೆ ಮಾತ್ರ ಊಟದ ಕೂಪನ್ ಸಿಕ್ಕಿತು. ಸಂಕೋಚ ಬೇಡ, ಕೌಂಟರ್‌ಗೆ ಹೋಗಿ ಕೇಳಿ.

ಮನೆಯಿಂದ ಮನೆಗೆ ಒಟ್ಟು ಎಷ್ಟು ಗಂಟೆ?

ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ರಾತ್ರಿ 8ರ ವಿಮಾನ. ಮೂರು ಗಂಟೆ ಮೊದಲು, ಅಂದರೆ 5ಕ್ಕೆ ನಿಲ್ದಾಣದಲ್ಲಿ ಇರಬೇಕು. ಮೂಲ್ಕಿಯಿಂದ ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಬಜ್ಪೆಗೆ ಒಂದು ಗಂಟೆ ಇಟ್ಟುಕೊಳ್ಳುತ್ತೇವೆ. 4ಕ್ಕೆ ಮನೆ ಬಿಡುತ್ತೇವೆ. ದುಬೈಯಲ್ಲಿ ಇಳಿದಾಗ ನಮ್ಮ ಗಡಿಯಾರದಲ್ಲಿ ರಾತ್ರಿ 11:45. ಇಮಿಗ್ರೇಷನ್, ಲಗೇಜ್ ಎಂದು ಒಂದು ಗಂಟೆ. ಅಣ್ಣನ ಮನೆಗೆ ಕಾರಿನಲ್ಲಿ ಅರ್ಧ ಗಂಟೆ. ಆಗ ಇಲ್ಲಿ ಒಂದೂಕಾಲು. ಒಟ್ಟು ಒಂಬತ್ತೂಕಾಲು ಗಂಟೆ, ಅದರಲ್ಲಿ ವಿಮಾನದ್ದು ಅರ್ಧಕ್ಕಿಂತ ಕಮ್ಮಿ.

ಉಡುಪಿಯಿಂದ ಬರುವವರು ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಕುಂದಾಪುರ, ಭಟ್ಕಳದವರಿಗೆ ಇನ್ನೂ ಜಾಸ್ತಿ ಬೇಕು. ಭಟ್ಕಳದಿಂದ ಬಜ್ಪೆಗೆ ಬರುವ ಹೊತ್ತಿನಲ್ಲಿ ವಿಮಾನ ಮಸ್ಕತ್ ಹತ್ತಿರ ಹೋಗಿರುತ್ತದೆ! ಕಾಸರಗೋಡಿನ ಕನ್ನಡಿಗರಿಗೆ 2018ರ ಡಿಸೆಂಬರ್‌ನಿಂದ ಕಣ್ಣೂರು ನಿಲ್ದಾಣವೂ ಇದೆ. ಎರಡೂ ಕಡೆಯ ಟಿಕೆಟ್ ಹೋಲಿಸಿ ನೋಡಿ.

ಮೂರು ಗಂಟೆ ಮೊದಲೇ ಹೋಗಲೇಬೇಕಾ?

ಹೌದು. ಅಂತರರಾಷ್ಟ್ರೀಯ ವಿಮಾನಕ್ಕೆ ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲು ಮುಚ್ಚುತ್ತದೆ. ಅಷ್ಟರಲ್ಲಿ ಲಗೇಜ್ ತೂಕ ಜಾಸ್ತಿಯಾಗಿ ಪೆಟ್ಟಿಗೆ ಬಿಚ್ಚಿ ಉಪ್ಪಿನಕಾಯಿ ಬಾಟಲಿ ಹೊರಗೆ ತೆಗೆಯುವುದೂ ಆಗಬೇಕು. ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಎಂದಿದ್ದು ಕೆಲಸಕ್ಕೆ ಹೋಗುವವರಾದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಸರ್ಕಾರದ ಅನುಮತಿ, ಮೊದಲೇ ಆಗಿರಬೇಕು. ಅದನ್ನು ನಿಲ್ದಾಣದಲ್ಲಿ ಮಾಡಿಸಲು ಆಗುವುದಿಲ್ಲ.

ಲಗೇಜ್ ವಿಷಯದಲ್ಲಿ ನಾಲ್ಕು ಮಾತು. ಒಣಕೊಬ್ಬರಿ ಇಡಬೇಡಿ, ಅದರ ಎಣ್ಣೆ ಅಂಶ ಬೆಂಕಿ ಹಿಡಿಯಬಹುದೆಂದು ತೆಗೆಸುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ನಮಗೆ ಅದು ಪಾಯಸದ ಸಾಮಾನು, ಅಲ್ಲಿನ ಕಾನೂನಿನಲ್ಲಿ ಮಾದಕ ವಸ್ತು. ಜೈಲಿಗೆ ಹೋಗುವಂಥ ಅಪರಾಧ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಮಸಾಲೆ ಪೊಟ್ಟಣದಲ್ಲಿ ಅದು ಸೇರಿದೆಯಾ ಎಂದು ಕೇಳಿ ನೋಡಿ. ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಲ್ಲೂ ಕೆಲವಕ್ಕೆ ಅಲ್ಲಿ ಮೊದಲೇ ಅನುಮತಿ ಬೇಕು. ಡಾಕ್ಟರ ಚೀಟಿ ಜೊತೆಗಿರಲಿ.

ದುಬೈಯಲ್ಲಿ ಯಾವ ಟರ್ಮಿನಲ್‌ನಲ್ಲಿ ಇಳಿಯುತ್ತೇವೆ?

ಟಿಕೆಟ್ ನೋಡಿ, ಕರೆದುಕೊಂಡು ಹೋಗುವವರಿಗೆ ಮೊದಲೇ ತಿಳಿಸಿ. ಟರ್ಮಿನಲ್ 1 ಮತ್ತು 3 ಒಂದು ಬದಿ. ಎರಡಕ್ಕೂ ಮೆಟ್ರೋ ಇದೆ. ಟರ್ಮಿನಲ್ 2 ರನ್‌ವೇಗಳ ಆಚೆ ಬದಿ, ಅಲ್ಲಿಗೆ ಮೆಟ್ರೋ ಇಲ್ಲ. ಒಂದು ಕಡೆ ಕಾದು, ಆಮೇಲೆ ಇನ್ನೊಂದು ಕಡೆಗೆ ಕಾರು ಓಡಿಸಿದವರು ಎಷ್ಟೋ ಮಂದಿ. ಮಧ್ಯರಾತ್ರಿ ಕಳೆದ ಮೇಲೆ ಕೆಲವು ಗಂಟೆ ಮೆಟ್ರೋ ಓಡುವುದೂ ಇಲ್ಲ. ಜೆಬೆಲ್ ಅಲಿ ಕಡೆ ಅಲ್ ಮಕ್ತೂಮ್ ಎಂಬ ಇನ್ನೊಂದು ನಿಲ್ದಾಣವೇ ಇದೆ. ಟಿಕೆಟ್‌ನಲ್ಲಿ ನಿಲ್ದಾಣದ ಹೆಸರನ್ನೂ ಓದಿಕೊಳ್ಳಿ.

ಅವರು ದುಬೈಯಿಂದ ಬರುತ್ತಿದ್ದಾರೆ. ನಾವು ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಟಿಕೆಟ್‌ನ ಸಮಯ ನೋಡಿ ಹೊರಡಬೇಡಿ. ವಿಮಾನ ಹಾರಿದೆಯಾ ಎಂದು ಮೊದಲು ನೋಡಿ. ವಿಮಾನದ ನಂಬರ್ ಹಾಕಿದರೆ ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗಳು ಫೋನ್‌ನಲ್ಲಿ ಸಿಗುತ್ತವೆ. ಅಲ್ಲಿ ಹಾರಿದ ಸಮಯಕ್ಕೆ ಒಂದೂವರೆ ಗಂಟೆ ಸೇರಿಸಿ ನಮ್ಮ ಸಮಯ ಮಾಡಿಕೊಳ್ಳಿ. ಅದಕ್ಕೆ ಸುಮಾರು ಮೂರೂಕಾಲು ಗಂಟೆ ಕೂಡಿಸಿ. ಅದು ಇಳಿಯುವ ಹೊತ್ತು. ಹೊರಗೆ ಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಷ್ಟಕ್ಕೆ ನೀವು ಬಜ್ಪೆಯಲ್ಲಿದ್ದರೆ ಸಾಕು. ಆದರೂ ನಮ್ಮ ಅಮ್ಮ ಯಾವಾಗಲೂ ಒಂದು ಗಂಟೆ ಮೊದಲೇ ಹೋಗಿ ಗಾಜಿನ ಬಾಗಿಲಿನ ಎದುರು ನಿಲ್ಲುತ್ತಾರೆ. ಅವರಿಗೆ ಈ ಲೆಕ್ಕ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಕುರ್ಚಿ ಮತ್ತು ಫ್ಲಾಸ್ಕ್‌ನಲ್ಲಿ ಚಹಾ ತೆಗೆದುಕೊಂಡು ಜೊತೆಗೆ ಹೋಗುತ್ತೇನೆ.